ಬೆಂಡೋಲೆ ಹಾಕಿದ ಕಿವಿಗೊಂದು ಹೆಡ್‌ಸೆಟ್

ಪೆಟ್ಟು ತಿಂದದ್ದು ನನ್ನ ಅಮ್ಮನ ಕಿವಿ. ಹೆಡ್‌ಸೆಟ್ಟನ್ನು ರೂಪಿಸಿದವರ ಕಿವಿಗೆ ಏನೂ ಆಗಲಿಲ್ಲ. ಪೆಟ್ಟಿಗೆಯ ಮೇಲೆ ‘ದಿನವಿಡೀ ಹಿತ’ ಎಂಬ ಅರ್ಥದ ಇಂಗ್ಲಿಷ್ ಮಾತನ್ನು ಅಚ್ಚು ಹಾಕಿಸಿದವರ ಕಿವಿಗೆ ಏನೂ ಆಗಲಿಲ್ಲ. ಸೀಲು ಒಡೆಯಲು ಬಿಡದೆ ಅದನ್ನು ನನ್ನ ಕೈಗಿತ್ತು ಬಿಲ್ಲು ಹರಿದ ಅಂಗಡಿಯವರ ಕಿವಿಗೂ ಏನೂ ಆಗಲಿಲ್ಲ. ಬಾತುಕೊಂಡದ್ದು ಅಮ್ಮನ ಎಡಗಿವಿಯ ಹಾಲೆ, ಗುಳಿ ಬಿದ್ದದ್ದು ಅದರ ಹಿಂದಿನ ಚರ್ಮ. ಆ ನೋವಿನ ದೆಸೆಯಿಂದ ಮಳೆಗಾಲದಲ್ಲಿ ಕೆಲವು ವಾರ ನಿಂತುಹೋದದ್ದು ಅಮ್ಮನಿಗೂ ಕೊಲ್ಲಿ ದೇಶದಲ್ಲಿ ನರ್ಸ್ ಆಗಿರುವ ನನ್ನ ಅಕ್ಕನಿಗೂ ನಡುವೆ ಉಳಿದಿದ್ದ ಒಂದೇ ಒಂದು ನೆಮ್ಮದಿಯ ಮಾತುಕತೆ.

ಹೌದು, ಆಟವಾಡುವವಳು ಅಮ್ಮ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ‘ಗೇಮಿಂಗ್ ಹೆಡ್‌ಸೆಟ್ ಬೇಕು’ ಎಂದು ನಾನು ಎಲ್ಲಿ ಹೋಗಿ ಕೇಳಿದರೂ ಮೊದಲು ಎದುರಾದ ಪ್ರಶ್ನೆ ‘ಮಗನಿಗಾ?’ ಎಂಬುದು. ಮಗನಿಲ್ಲ ಎಂದರೆ ‘ತಮ್ಮನಿಗಾ?’ ಎಂಬುದು. ತಮ್ಮನೂ ಇಲ್ಲ ಎಂದರೆ ಅವರು ಬೇರೆ ಗಿರಾಕಿಯ ಕಡೆ ತಿರುಗುತ್ತಿದ್ದರು. ಮಂಗಳೂರಿನ ಮೀನುಬಂದರು ದಕ್ಕೆಯ ಏಲಂನಲ್ಲಿ ಹರಾಜು ಕೂಗಿ ಮೀನು ಕೊಂಡು, ಮಾರುಕಟ್ಟೆಯ ಕಟ್ಟೆಯಲ್ಲಿ ಕೂತು ಮಾರಿ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ ಹೆಂಗಸೊಬ್ಬಳು ಸಂಜೆ ಫೋನು ಹಿಡಿದು ದ್ವೀಪವೊಂದರ ಮೇಲೆ ಪ್ಯಾರಾಚೂಟಿನಿಂದ ಇಳಿದು ಶತ್ರುಗಳನ್ನು ಹುಡುಕುತ್ತಾಳೆ ಎಂಬ ಸಾಧ್ಯತೆಯನ್ನು ನಮ್ಮ ಮಾರುಕಟ್ಟೆ ಊಹಿಸಿಕೊಂಡೇ ಇಲ್ಲ. ನಾನು ಕಂಡ ಮೊದಲ ಅನ್ಯಾಯ ಇದು. ಉಳಿದವೆಲ್ಲ ಇದರ ಬೆನ್ನಿಗೇ ಬಂದವು.

ಈ ಆಟ ಮನೆಗೆ ಬಂದದ್ದು ಅಕ್ಕನಿಂದ. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದಕ್ಕೆ ಖಾಲಿ, ಅಮ್ಮನಿಗೂ ಹೆಚ್ಚು ಕೆಲಸವಿಲ್ಲ. ಅಂಥದ್ದೊಂದು ಮಳೆಗಾಲದಲ್ಲಿ ರಜೆಗೆ ಬಂದಿದ್ದ ಅಕ್ಕ ಬೇಸರ ಕಳೆಯಲೆಂದು ಅಮ್ಮನ ಫೋನಿಗೆ ಆಟವನ್ನು ಹಾಕಿಕೊಟ್ಟಳು. ನಾಲ್ವರ ತಂಡ; ಕೊನೆಯವರೆಗೆ ಬದುಕುಳಿದ ತಂಡಕ್ಕೆ ಗೆಲುವು. ಅಕ್ಕ ವಾಪಸು ಹೋದಳು, ಆಟ ಉಳಿಯಿತು. ದಿನವೂ ಸಂಜೆ, ಅಕ್ಕನ ಪಾಳಿ ಮುಗಿದ ಹೊತ್ತಿಗೆ, ಅಮ್ಮ, ಅಕ್ಕ, ನಾನು ಮತ್ತು ಆಟವೇ ಎಲ್ಲಿಂದಲೋ ತಂದು ಸೇರಿಸುವ ಅಪರಿಚಿತರೊಬ್ಬರು ಸೇರಿ ದ್ವೀಪದಲ್ಲಿ ಇಳಿಯತೊಡಗಿದೆವು.

ಬಂದೂಕು ಹಿಡಿಯುವ ಆಟದ ಬಗ್ಗೆ ನನಗೆ ಗಂಭೀರ ತಕರಾರುಗಳಿವೆ. ನಾನು ಓದಿದ್ದು ಮಕ್ಕಳು ವಾರಕ್ಕೊಮ್ಮೆ ಸಭೆ ಸೇರಿ, ಎದ್ದು ನಿಂತು, ತಮಗೆ ಕಂಡ ತಪ್ಪನ್ನು ತಪ್ಪು ಎಂದು ಹೇಳಬೇಕಿದ್ದ ಶಾಲೆಯಲ್ಲಿ. ಆಟಿಕೆಯ ಪಿಸ್ತೂಲನ್ನೂ ಅಲ್ಲಿ ಒಳಗೆ ಬಿಡುತ್ತಿರಲಿಲ್ಲ. ಬಸ್ಸಿನ ಮೆಟ್ಟಿಲ ಎತ್ತರದಿಂದ ಹಿಡಿದು ಪಂಪ್‌ವೆಲ್ ವೃತ್ತದಲ್ಲಿ ರಸ್ತೆ ದಾಟಲು ಮುದುಕರು ಪಡುವ ಪಾಡಿನವರೆಗೆ ಅರ್ಜಿ ಬರೆಯುವುದು ಅಂದಿನಿಂದ ನನಗೆ ಅಂಟಿಕೊಂಡ ಅಭ್ಯಾಸ. ನನ್ನ ತಕರಾರನ್ನು ಅಮ್ಮನ ಮುಂದೆಯೂ ಇಟ್ಟೆ. ಮನೆಯಲ್ಲಿ ನಾವಾಡುವುದು ತುಳು. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಹಿಂಸೆಯನ್ನು ಮನರಂಜನೆ ಮಾಡುವುದು ಸರಿಯಲ್ಲ, ಅಮ್ಮ.”

“ನೀನು ಎಂತ ಹಿಂಸೆ ಮಾಡಿದ್ದಿ ಮಾರಾಯ್ತಿ? ಇಳಿದ ಕೂಡಲೇ ಸಾಯುವವಳು ನೀನೇ ಅಲ್ವಾ?”

ತಕರಾರನ್ನು ಬದಿಗಿಟ್ಟೆ. ಆದರೆ ನಾನು ಆಟ ಬಿಡದಿರಲು ಬೇರೆಯೇ ಕಾರಣವಿತ್ತು. ಅಮ್ಮ ಮತ್ತು ಅಕ್ಕ ಫೋನಿನಲ್ಲಿ ಮಾತಾಡಿದರೆ ಜಗಳ ಖಚಿತ. ‘ಯಾವಾಗ ಬರ್ತಿ’ ಎಂದು ಇವಳು, ‘ಬಂದು ಎಂತ ಮಾಡ್ಲಿ’ ಎಂದು ಅವಳು. ಆಮೇಲೆ ಮದುವೆ, ವಯಸ್ಸು, ಊರವರ ಬಾಯಿ. ಕೊನೆಗೆ ಯಾರಾದರೊಬ್ಬರು ಫೋನು ಇಡುವುದು. ಆಟದೊಳಗೆ ಮಾತ್ರ ಅದೇ ಇಬ್ಬರು ‘ನೀನು ಎಡಕ್ಕೆ ಹೋಗು, ಹಿಂದೆ ನಾನಿದ್ದೇನೆ’, ‘ಪೆಟ್ಟಾಯ್ತಾ ಮಗಾ, ನಿಲ್ಲು, ಮದ್ದು ತರ್ತೇನೆ’ ಎಂದು ಮಾತಾಡಿಕೊಳ್ಳುತ್ತಿದ್ದರು. ಗೋಡೆಯ ಮರೆಯಲ್ಲಿ ಅಡಗಿ ಕೂತ ಹೊತ್ತಿನಲ್ಲಿ ‘ಊಟ ಆಯ್ತಾ’ ಎಂಬ ಪ್ರಶ್ನೆಯೂ, ‘ಇವತ್ತು ವಾರ್ಡಿನಲ್ಲಿ ಒಂದು ಅಜ್ಜಿ ನಿನ್ನ ಹಾಗೇ ಬೈದ್ಳು’ ಎಂಬ ಸುದ್ದಿಯೂ ಬರುತ್ತಿದ್ದವು. ಮನೆಯವರೇ ಕೂಡಿಸಲಾಗದ ತಾಯಿ ಮಗಳನ್ನು ಆ ಸುಳ್ಳು ದ್ವೀಪ ಕೂಡಿಸಿತ್ತು.

ತೊಡಕು ಕೇಳಿಸುವುದರಲ್ಲಿತ್ತು. ತಂತಿಯ ಇಯರ್‌ಫೋನು ಅಮ್ಮನ ಕರಿಮಣಿಗೆ ಸಿಕ್ಕಿಕೊಳ್ಳುತ್ತಿತ್ತು. ಅವಳು ಆಟದ ನಡುವೆ ಎದ್ದು ಒಲೆಯ ಮೇಲಿನ ಸಾರನ್ನು ನೋಡುವವಳು, ಒಮ್ಮೆ ತಂತಿ ಎಳೆದು ಫೋನೇ ನೆಲಕ್ಕೆ ಬಿತ್ತು. ಆಮೇಲೆ ಕಿವಿಯೊಳಗೆ ಸಿಕ್ಕಿಸುವ ಸಣ್ಣ ಬಡ್ ತಂದೆ. ಎಣ್ಣೆ ಹಚ್ಚಿದ ಕಿವಿಯಲ್ಲಿ ಅದು ನಿಲ್ಲಲಿಲ್ಲ. ಒಂದು ಸಂಜೆ ಅಮ್ಮ ಸಾರಿನ ರುಚಿ ನೋಡಲು ಬಾಗಿದಾಗ ಬಲಗಿವಿಯ ಬಡ್ ಬಂಗುಡೆ ಮೀನಿನ ಜೊತೆ ಕುದಿಯಿತು. ಉಳಿದ ಒಂದರಲ್ಲಿ ಶಬ್ದ ತಡವಾಗಿ ಬರುತ್ತಿತ್ತು. ಸಾಮಾನ್ಯ ಬ್ಲೂಟೂತಿನಲ್ಲಿ ಹಾಗಾಗುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಹಾಡು ಕೇಳುವವರಿಗೆ ಅದು ಗೊತ್ತಾಗುವುದಿಲ್ಲ, ಆಡುವವರಿಗೆ ಅದೇ ಮರಣ.

“ನಾನು ಸತ್ತ ಮೇಲೆ ಗುಂಡಿನ ಶಬ್ದ ಕೇಳ್ತದೆ,” ಎಂದು ಅಮ್ಮ ದೂರಿದಳು. “ಮೀನು ಮಾರಿ ಆದ ಮೇಲೆ ಏಲಂ ಕೂಗಿದ ಹಾಗೆ ಆಯ್ತು.”

“ಒಳ್ಳೆ ವೈರ್‌ಲೆಸ್ ಗೇಮಿಂಗ್ ಹೆಡ್‌ಸೆಟ್ ತೆಗೆದುಕೊಡೇ,” ಎಂದು ಅಕ್ಕ ನನಗೆ ಆದೇಶಿಸಿದಳು. “ಫೋನಿಗೆ ಸಿಕ್ಕಿಸುವ ಡಾಂಗಲ್ ಇರುವಂಥದ್ದು, ಆಗ ಶಬ್ದ ತಡ ಆಗುವುದಿಲ್ಲ. ಕಿವಿಯ ಮೇಲೆ ಪೂರಾ ಕೂರುವಂಥದ್ದು.”

ಏನನ್ನು ಕೊಳ್ಳುವುದಿದ್ದರೂ ನಾನು ಮೊದಲು ಅದರ ಬಗ್ಗೆ ಓದುವವಳು. ಆದರೆ ಓದಲು ಏನಿತ್ತು? ಪರೀಕ್ಷಿಸಿ ಹೇಳುತ್ತೇವೆನ್ನುವ ವೀಡಿಯೊಗಳಲ್ಲಿ ಎಸಿ ಕೋಣೆಯಲ್ಲಿ ಕೂತ, ಕೂದಲು ಗಿಡ್ಡಗೆ ಕತ್ತರಿಸಿದ, ಕಿವಿಯಲ್ಲಿ ಏನೂ ಇಲ್ಲದ ಯುವಕರು. ಅವರು ಶಬ್ದದ ಆಳದ ಬಗ್ಗೆ, ಬಣ್ಣದ ದೀಪಗಳ ಬಗ್ಗೆ ಮಾತಾಡಿದರು. ‘ಹಿತ’ ಎಂಬ ಭಾಗ ಬಂದಾಗ ಒಮ್ಮೆ ತಲೆಯನ್ನು ಅತ್ತಿತ್ತ ಅಲ್ಲಾಡಿಸಿ, ಬೀಳಲಿಲ್ಲ ನೋಡಿ ಎಂದರು. ಬೀಳದಿರುವುದು ಹಿತವಲ್ಲ. ಇಕ್ಕಳವೂ ಬೀಳುವುದಿಲ್ಲ. ಬೆವರಿಳಿಯುವ ಊರಿನಲ್ಲಿ, ಎಣ್ಣೆ ಹಚ್ಚಿ ತುರುಬು ಕಟ್ಟಿದ ತಲೆಯ ಮೇಲೆ, ಬೆಂಡೋಲೆ ಹಾಕಿದ ಕಿವಿಯ ಸುತ್ತ ಅದು ಹೇಗೆ ಕೂರುತ್ತದೆ ಎಂದು ಒಬ್ಬರಾದರೂ ಹೇಳಲಿಲ್ಲ. ನಮ್ಮ ಕರಾವಳಿಯ ಅರ್ಧದಷ್ಟು ತಲೆಗಳು ಹಾಗೇ ಇವೆಯಲ್ಲ!

ಪಂಪ್‌ವೆಲ್ ಹತ್ತಿರದ ದೊಡ್ಡದೊಂದು ಅಂಗಡಿಗೆ ಹೋದೆ. ಗೋಡೆಯ ತುಂಬ ಪೆಟ್ಟಿಗೆಗಳು. ಎಲ್ಲದರ ಮೇಲೂ ಒಂದೇ ಬಗೆಯ ಮುಖ, ಹಲ್ಲು ಕಚ್ಚಿದ ಹುಡುಗ. ನಮಗೆ ಎಟಕುವ ಬೆಲೆಯವೆಲ್ಲ ಕೆಳಗಿನ ಸಾಲಿನಲ್ಲಿದ್ದವು, ಬಾಗಿ ನೋಡಬೇಕು. ಹಾಕಿ ನೋಡಬಹುದಾದ ತೆರೆದ ಹೆಡ್‌ಸೆಟ್ ಇದ್ದದ್ದು ಒಂದೇ, ಅದು ಅತಿ ದುಬಾರಿಯದು, ಗಾಜಿನ ಒಳಗೆ. ಹಣವಿದ್ದವರ ಕಿವಿಗೆ ಪರೀಕ್ಷೆ, ಇಲ್ಲದವರ ಕಿವಿಗೆ ನಂಬಿಕೆ: ಇದು ಎರಡನೆಯ ಅನ್ಯಾಯ.

“ಇದನ್ನೊಮ್ಮೆ ತೆರೆದು ತೋರಿಸ್ತೀರಾ?” ಎಂದು ಮಾರುವವರನ್ನು ಕೇಳಿದೆ.

“ಸೀಲ್ ಒಡೆದ್ರೆ ನೀವೇ ತೆಗೋಬೇಕಾಗ್ತದೆ ಮೇಡಂ.”

“ಹಾಕಿ ನೋಡದೆ ಹಿತವೋ ಅಲ್ಲವೋ ಎಂದು ತಿಳಿಯುವುದು ಹೇಗೆ?”

“ಬಾಕ್ಸಲ್ಲಿ ಬರೆದಿದೆಯಲ್ಲ ಮೇಡಂ, ಕಂಫರ್ಟ್ ಅಂತ. ಎಲ್ಲರೂ ಇದನ್ನೇ ಕೊಂಡೋಗ್ತಾರೆ. ಕಂಪ್ಲೇಂಟ್ ಇಲ್ಲ.”

“ಭಾರ ಎಷ್ಟು?”

“ಲೈಟ್ ವೇಟ್ ಮೇಡಂ.”

“ಎಷ್ಟು ಲೈಟ್?”

ಅವರು ಪೆಟ್ಟಿಗೆಯನ್ನು ಒಮ್ಮೆ ಕೈಯಲ್ಲಿ ತೂಗಿ, “ಹೀಗೆ,” ಎಂದರು. ಮಾರುಕಟ್ಟೆಯಲ್ಲಿ ಅಮ್ಮ ಅಂಜಲ್ ಮೀನನ್ನು ಹೀಗೆ ತೂಗಿ ಮಾರಿದರೆ ಗಿರಾಕಿಗಳು ಅವಳನ್ನು ಸುಮ್ಮನೆ ಬಿಡುತ್ತಿದ್ದರೇ? ಬಸ್ಸಿಗೆ ಹೊತ್ತಾಗಿತ್ತು. ಡಾಂಗಲ್ ನಮ್ಮ ಫೋನಿನ ಚಾರ್ಜಿನ ತೂತಿಗೆ ಹೊಂದುತ್ತದೆ ಎಂಬುದನ್ನು ಮಾತ್ರ ಖಾತ್ರಿ ಮಾಡಿಕೊಂಡು, ಕಪ್ಪು ಚರ್ಮದಂಥ ಮೆತ್ತೆಯ ಹೆಡ್‌ಸೆಟ್ ಒಂದನ್ನು ಕೊಂಡು ಬಂದೆ.

ಶಬ್ದದ ವಿಷಯದಲ್ಲಿ ಅದು ನಿಜವಾಗಿಯೂ ಚೆನ್ನಾಗಿತ್ತು. ಹಿಂದಿನಿಂದ ಬರುವವನ ಹೆಜ್ಜೆಯ ಸದ್ದು ಕೇಳಿ ಅಮ್ಮ ಬೆಚ್ಚಿ ಮನೆಯ ಬಾಗಿಲ ಕಡೆ ತಿರುಗಿದಳು. ಅಪ್ಪ ಹೊಸ್ತಿಲ ಹತ್ತಿರ ಬಲೆ ಹೆಣೆಯುತ್ತ ಕೂತಿದ್ದವರು, “ನಾನೇ ಮಾರಾಯ್ತಿ, ಗುಂಡು ಹಾರಿಸ್ಬೇಡ,” ಎಂದರು. ಅಕ್ಕನ ದನಿ ಪಕ್ಕದಲ್ಲೇ ಕೂತ ಹಾಗೆ ಬಂತಂತೆ. ಅಮ್ಮ ಆ ಸಂಜೆ ಗೆದ್ದಳು.

ಆದರೆ ಆಟ ಮುಗಿದು ಹೆಡ್‌ಸೆಟ್ ತೆಗೆದಾಗ ಅವಳು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಆ ಮೆತ್ತೆಯ ಬಳೆ ಕಿವಿಯನ್ನು ಸುತ್ತುವರಿಯುವ ಬದಲು ಅದರ ಮೇಲೆಯೇ ಕೂರುತ್ತಿತ್ತು. ಬೆಂಡೋಲೆಯ ಹರಳು ಮುಂದಿನಿಂದ ಒತ್ತಿದರೆ ತಿರುಪು ಹಿಂದಿನಿಂದ ಚುಚ್ಚುತ್ತಿತ್ತು. ಜೊತೆಗೆ ತಲೆಯ ಪಟ್ಟಿಯ ಬಿಗಿತ. ಹತ್ತಿ ಇಟ್ಟು ನೋಡಿದಳು, ಕರವಸ್ತ್ರ ಮಡಚಿ ಇಟ್ಟು ನೋಡಿದಳು.

ಕೊನೆಗೆ ಅವಳು ಹುಡುಕಿದ ಉಪಾಯ ನಮ್ಮಂಥವರ ಮನೆಯಲ್ಲಲ್ಲದೆ ಬೇರೆಲ್ಲೂ ಯಾರಿಗೂ ಹೊಳೆಯಲಾರದು. ಮೀನಿನ ಬುಟ್ಟಿ ಹೊರುವಾಗ ತಲೆಯ ಮೇಲಿಡುವ ಬಟ್ಟೆಯ ಸಿಂಬೆಯನ್ನು ತೆಗೆದು ನೆತ್ತಿಯ ಮೇಲಿಟ್ಟು, ಅದರ ಮೇಲೆ ಹೆಡ್‌ಸೆಟ್ ಏರಿಸಿದಳು. “ಭಾರ ಮಂಡೆ ಹೊರ್ಬೇಕು, ಕಿವಿ ಅಲ್ಲ,” ಎಂಬುದು ಅವಳ ವಾದ. ಕೇಳಲು ತರ್ಕಬದ್ಧವಾಗಿತ್ತು, ನಾನೂ ಒಪ್ಪಿದೆ, ಸಿಂಬೆ ಜಾರದಂತೆ ಪಿನ್ನು ಹಾಕಿಕೊಟ್ಟೆ. ಪಟ್ಟಿ ಮೇಲೇರಿತು, ಮೆತ್ತೆಗಳು ಕಿವಿ ಬಿಟ್ಟು ಕಣತಲೆಯ ಮೇಲೆ ನಿಂತವು, ಮೈಕು ಹುಬ್ಬಿನ ಹತ್ತಿರ ಬಂತು. ಶತ್ರುಗಳು ಹಿಂದಿನಿಂದ ಮೆರವಣಿಗೆಯಲ್ಲಿ ಬಂದರೂ ಅಮ್ಮನಿಗೆ ಕೇಳಿಸಲಿಲ್ಲ. ಅಮ್ಮ ಕೂಗಿದ್ದು ಅಕ್ಕನಿಗೂ ಕೇಳಿಸಲಿಲ್ಲ. ನಾಲ್ವರೂ ಸತ್ತೆವು. ತಂಡಕ್ಕೆ ಬಂದಿದ್ದ ಅಪರಿಚಿತರು ಹಿಂದಿಯಲ್ಲಿ ಏನೋ ಬೈದು ಹೋದರು. “ಎಂತ ಹೇಳಿದ ಅವ?” ಎಂದು ಅಮ್ಮ ಕೇಳಿದಳು. ನಾನು ಅನುವಾದಿಸಲಿಲ್ಲ.

ಅಷ್ಟರಲ್ಲಿ ಅಕ್ಕ ಫೋನು ಮಾಡಿ, ಕೊಲ್ಲಿಯ ಕೆಲಸದ ಒಪ್ಪಂದವನ್ನು ಮತ್ತೆ ಮುಂದುವರಿಸಿದ್ದೇನೆ ಎಂದು ತಿಳಿಸಿದಳು. ಎಂದಿನಂತೆ ಜಗಳವಾಯಿತು. ಮರುದಿನ ಸಂಜೆ ಅಮ್ಮ ಆಟಕ್ಕೆ ಬರಲಿಲ್ಲ. “ಮಂಡೆ ನೋಯ್ತದೆ” ಎಂದಳು. ಅದರ ಮರುದಿನವೂ ಅದೇ ಮಾತು. ಆಟ ಶುರುವಾಗುವ ಮುನ್ನ ತೆರೆಯ ಮೇಲೆ ಬರುವ ಕಾಯುವ ಕೋಣೆಯಲ್ಲಿ ಅಕ್ಕನ ಬೊಂಬೆ ಬಂದೂಕು ಹಿಡಿದು ಒಂಟಿಯಾಗಿ ನಿಂತಿರುತ್ತಿತ್ತು. ಪಕ್ಕದಲ್ಲಿ ಆಟ ಬಾರದ ನಾನು. ಕೆಲವು ದಿನಗಳ ಮೇಲೆ ಆ ಬೊಂಬೆಯೂ ಬರುವುದನ್ನು ನಿಲ್ಲಿಸಿತು. ‘ಅಮ್ಮ ನನ್ನ ಮೇಲೆ ಹಟ ಸಾಧಿಸ್ತಿದ್ದಾಳೆ. ಸಾಧಿಸ್ಲಿ,’ ಎಂದು ಅಕ್ಕ ನನಗೆ ಬರೆದಳು.

ನಾನೂ ಹಾಗೇ ಎಣಿಸಿದ್ದೆ. ಆದರೆ ಒಂದು ಬೆಳಿಗ್ಗೆ ಅಮ್ಮ ಅಂಗಳದಲ್ಲಿ ಕೂತು ಕಿವಿಗೆ ಬಿಸಿ ಬಟ್ಟೆಯ ಶಾಖ ಕೊಡುತ್ತಿದ್ದುದನ್ನು ಕಂಡೆ. ಹಾಲೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

“ಕೋಪ ಅಲ್ವಾ ಅಮ್ಮ? ಕಿವಿಯಾ?”

“ಕೋಪ ಎಂತಕ್ಕೆ? ಅವಳ ಕೆಲಸ, ಅವಳ ಇಷ್ಟ. ಬೈಯುವುದು ಬೇರೆ, ಆಡುವುದು ಬೇರೆ.”

“ಮತ್ತೆ ಅವಳಿಗೆ ಹೇಳ್ಬಾರ್ದಾ, ಕಿವಿ ನೋಯ್ತದೆ ಅಂತ?”

ಅಮ್ಮ ಬಟ್ಟೆಯನ್ನು ಮಡಚಿ ಮತ್ತೆ ಕಿವಿಗೆ ಒತ್ತಿಕೊಂಡಳು. “ಹೇಳಿದ್ರೆ ಓಲೆ ತೆಗೆದಿಡು ಅಂತಾಳೆ. ಅವಳು ಮೊದಲ ಸಂಬಳದಲ್ಲಿ ಮಾಡಿಸಿದ ಓಲೆ. ಹಾಕಿದ ದಿನ ಏಲಂನಲ್ಲಿ ನಿಂತ ಹೆಂಗಸರೆಲ್ಲ ತಿರುಗಿ ನೋಡಿದ್ರು. ಅದು ಚುಚ್ಚುತ್ತದೆ ಅಂತ ಅವಳತ್ರ ನಾನು ಹೇಗೆ ಹೇಳುವುದು?”

ಅಕ್ಕನ ನರ್ಸಿಂಗ್ ಓದಿಗೆಂದು ಅಮ್ಮನ ಹಳೆಯ ಓಲೆಗಳು ಹೋಗಿದ್ದವು. ಆಮೇಲೆ ಹಲವು ವರ್ಷ ಅವಳು ತೂತು ಮುಚ್ಚದಿರಲೆಂದು ಕಡ್ಡಿ ಸಿಕ್ಕಿಸಿಕೊಂಡೇ ಮಾರುಕಟ್ಟೆಗೆ ಹೋದದ್ದು ನನಗೆ ನೆನಪಿದೆ. ಗಂಡನಿರುವ ಹೆಂಗಸಿನ ಕಿವಿ ಬೋಳಾಗಿರಬಾರದು ಎಂಬ ಊರಿನ ಮಾತಿಗೆ ನನ್ನ ವಿರೋಧವಿದೆ; ಹೆಣ್ಣಿನ ಮೈಯನ್ನು ಗಂಡಿನ ಆಯುಸ್ಸಿನ ಸೂಚನಾಫಲಕ ಮಾಡುವುದು ತಪ್ಪು ಎಂದು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಆದರೆ ಆ ಹೋರಾಟವನ್ನು ಅಮ್ಮನ ಬಾತ ಕಿವಿಯ ಮೇಲೆ ನಡೆಸುವ ಹಕ್ಕು ನನಗಿಲ್ಲ. ಹೆಡ್‌ಸೆಟ್ ಕಂಪನಿಗಂತೂ ಖಂಡಿತ ಇಲ್ಲ. ಕಿವಿ ಮೊದಲು ಬಂತು, ಓಲೆ ಆಮೇಲೆ, ಹೆಡ್‌ಸೆಟ್ ಎಲ್ಲಕ್ಕಿಂತ ಕೊನೆಗೆ. ಕೊನೆಗೆ ಬಂದದ್ದು ಜಾಗ ಮಾಡಿಕೊಂಡು ಕೂರಬೇಕು.

ಹೆಡ್‌ಸೆಟ್ಟನ್ನು ಹೊರಗೆ ತೆಗೆದೆ. ಮೆತ್ತೆಯ ಚರ್ಮ ಬಿರಿದು ಕಪ್ಪು ಹೊಟ್ಟು ಉದುರುತ್ತಿತ್ತು. ಕೊಂಡು ಇನ್ನೂ ಮಳೆಗಾಲವೇ ಕಳೆದಿರಲಿಲ್ಲ. ಅಮ್ಮನ ಕೆನ್ನೆಗೆ ಆ ಹೊಟ್ಟು ಅಂಟಿದ್ದಕ್ಕೆ ನೆರೆಮನೆಯವರು ‘ಎಂತ, ಒಲೆಯೊಳಗೆ ಮುಖ ಹಾಕಿದ್ದಾ?’ ಎಂದು ಕೇಳಿದ್ದರಂತೆ. ವಾರಂಟಿ ಇತ್ತು. ಕೊಡಿಯಾಲ್‌ಬೈಲ್‌ನ ಸರ್ವೀಸ್ ಸೆಂಟರಿಗೆ ಹೋದೆ. ಟೋಕನ್ ಹಿಡಿದು ಕಾದ ಮೇಲೆ ಕೌಂಟರಿನಲ್ಲಿದ್ದವರು ಮೆತ್ತೆಯನ್ನು ಬೆರಳಿನಿಂದ ಉಜ್ಜಿ, ಮೂಗಿನ ಹತ್ತಿರ ತಂದರು.

“ತೆಂಗಿನೆಣ್ಣೆ.”

“ಹೌದು. ಅಮ್ಮ ತಲೆಗೆ ಹಚ್ಚುತ್ತಾರೆ.”

“ಎಣ್ಣೆ ತಾಗಿದ್ರೆ ವಾರಂಟಿ ಬರುವುದಿಲ್ಲ ಮೇಡಂ. ಕಸ್ಟಮರ್ ಡ್ಯಾಮೇಜ್ ಅಂತ ಆಗ್ತದೆ.”

“ತಲೆಯ ಮೇಲೆ ಹಾಕುವ ವಸ್ತುವಿಗೆ ತಲೆಯ ಎಣ್ಣೆ ತಾಗುವುದು ಡ್ಯಾಮೇಜಾ?”

“ರೂಲ್ ಹಾಗೆ ಉಂಟು.”

“ಈ ನಗರದಲ್ಲಿ ತೆಂಗಿನೆಣ್ಣೆ ಹಚ್ಚದ ತಲೆ ಎಷ್ಟಿವೆ? ನೀವು ಹಚ್ಚುವುದಿಲ್ಲವೇ?”

ಅವರು ತಮ್ಮ ತಲೆಯನ್ನು ಒಮ್ಮೆ ಸವರಿಕೊಂಡರು. ಬಾಚಿದ ಕೂದಲು ದೀಪದ ಬೆಳಕಿಗೆ ಮಿನುಗುತ್ತಿತ್ತು. “ಹಚ್ತೇನೆ. ಆದ್ರೆ ನಾನು ಹೆಡ್‌ಸೆಟ್ ಹಾಕುವುದಿಲ್ಲ ಮೇಡಂ,” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ನಿಯಮವನ್ನು ಬರೆದವರು ಅವರಲ್ಲ. ಹೊಸ ಮೆತ್ತೆಯನ್ನಾದರೂ ಬೆಲೆಗೆ ಕೊಡಿ ಎಂದೆ. ಮೆತ್ತೆ ಬಿಡಿಯಾಗಿ ಬರುವುದಿಲ್ಲ ಎಂದರು. ಹಾಗಾದರೆ ಇದನ್ನೇನು ಮಾಡಲಿ ಎಂದೆ. ಹೊಸ ಸೆಟ್ ತೆಗೆದುಕೊಳ್ಳಿ, ಈಗ ಆಫರ್ ಉಂಟು ಎಂದರು. ಮೆತ್ತೆ ಹರಿದದ್ದಕ್ಕೆ ಇಡೀ ಯಂತ್ರವನ್ನು ಕಸಕ್ಕೆ ಹಾಕಿಸುವುದನ್ನು ವ್ಯಾಪಾರ ಎಂದು ಕರೆಯಲು ನಾನು ಸಿದ್ಧಳಿಲ್ಲ. ತಲೆದಿಂಬಿನ ಚೀಲ ಹರಿದರೆ ಮಂಚ ಮಾರುವವರನ್ನು ನಾವು ಏನೆಂದು ಕರೆಯುತ್ತೇವೆ?

ಮನೆಗೆ ಬಂದು ಇದನ್ನೆಲ್ಲ ವಿವರಿಸಿ, ಯಾರಿಗೆ ಅರ್ಜಿ ಬರೆಯಬೇಕೆಂದು ಲೆಕ್ಕ ಹಾಕುತ್ತಿದ್ದೆ.

“ನಿನ್ನ ಅರ್ಜಿ ಆಮೇಲೆ ಬರೆ,” ಎಂದಳು ಅಮ್ಮ. “ನನ್ನನ್ನು ಅಂಗಡಿಗೆ ಕರ್ಕೊಂಡು ಹೋಗು. ನನ್ನ ಕಿವಿಗೆ ನೀನು ಹೋಗಿ ತಂದದ್ದೇ ತಪ್ಪು.”

ನದಿಯಾಚೆಯ ತೊಕ್ಕೊಟ್ಟಿನಲ್ಲಿ ಅಮ್ಮನಿಗೆ ಬೇರೆ ಕೆಲಸವೂ ಇದ್ದುದರಿಂದ ಅಲ್ಲಿಯದೇ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯ ಯಜಮಾನರು ನಡುವಯಸ್ಸಿನವರು. ನಾನು ಅಷ್ಟು ಹೊತ್ತಿಗೆ ಕಲಿತಿದ್ದೆ: ಬಟ್ಟೆಯ ಮೆತ್ತೆ ಬೇಕು, ಚರ್ಮದಂಥದ್ದು ಬೇಡ, ಮೆತ್ತೆಯ ಗುಂಡಿ ಆಳವಾಗಿರಬೇಕು, ಕಿವಿ ಓಲೆಸಮೇತ ಒಳಗೆ ಕೂರಬೇಕು, ಪಟ್ಟಿ ಸಡಿಲವಾಗಬೇಕು, ದೀಪ ಬೇಡ, ಅದು ಚಾರ್ಜು ತಿನ್ನುವುದಕ್ಕೆ ಮಾತ್ರ. ಯಜಮಾನರು ಒಂದು ಪೆಟ್ಟಿಗೆ ತೆಗೆದು ಮುಂದಿಟ್ಟರು.

“ಯಾರಿಗೆ? ಮಗನಿಗಾ?”

“ನನಗೆ,” ಎಂದಳು ಅಮ್ಮ. ಹಾಗೆನ್ನುತ್ತಲೇ ಹೆಬ್ಬೆರಳಿನ ಉಗುರಿನಿಂದ ಸೀಲನ್ನು ಸರ್ರನೆ ಸೀಳಿದಳು.

“ಅಯ್ಯೋ ಅಮ್ಮ! ಸೀಲ್ ಒಡೆದ್ರೆ ತೆಗೋಬೇಕಾಗ್ತದೆ!”

“ಯಾಕೆ? ನೀವು ಮೀನು ತೆಗೆಯುವಾಗ ಕಿವಿರು ಎತ್ತಿ ನೋಡುವುದಿಲ್ವಾ? ಎತ್ತಿ ನೋಡಿ, ಬೇಡ ಅಂತ ಹೇಳಿ, ಪಕ್ಕದವಳತ್ರ ಹೋಗುವುದಿಲ್ವಾ? ನಾನು ಒಂದು ದಿನವಾದ್ರೂ ‘ಕಿವಿರು ಎತ್ತಿದಿ, ಇನ್ನು ನೀನೇ ತೆಗೋ’ ಅಂತ ಹೇಳಿದ್ದುಂಟಾ?”

“ಅದು ಮೀನು ಅಮ್ಮ, ಇದು ಎಲೆಕ್ಟ್ರಾನಿಕ್ಸ್.”

“ಮೀನು ಸಂಜೆಗೆ ಹಾಳಾಗ್ತದೆ, ಆದ್ರೂ ತೋರಿಸ್ತೇವೆ. ನಿಮ್ಮದು ಹಾಳಾಗುವುದಿಲ್ಲ ಅಂತ ನೀವೇ ಹೇಳ್ತೀರಿ, ಮತ್ತೆ ತೋರಿಸ್ಲಿಕ್ಕೆ ಎಂತ ಕಷ್ಟ?”

ಅಮ್ಮನ ದನಿ ಏಲಂನಲ್ಲಿ ಪಳಗಿದ್ದು. ಚಾರ್ಜರ್ ಕೊಳ್ಳಲು ಬಂದವರು ಕೊಳ್ಳುವುದನ್ನು ಬಿಟ್ಟು ಇತ್ತ ತಿರುಗಿದರು. ನಿಯಮದ ಪ್ರಕಾರ ಸೀಲು ಒಡೆದದ್ದು ಸರಿಯಲ್ಲ ಎಂದು ನನ್ನೊಳಗಿನ ಒಬ್ಬಳು ಹೇಳುತ್ತಿದ್ದಳು. ಆ ನಿಯಮವೇ ಸರಿಯಲ್ಲ ಎಂದು ಇನ್ನೊಬ್ಬಳು. ಅಷ್ಟರಲ್ಲಿ ಅಮ್ಮ ಹೆಡ್‌ಸೆಟ್ ಏರಿಸಿ, ಕುತ್ತಿಗೆಯನ್ನು ಅಲ್ಲಾಡಿಸದೆ, ಸುಮ್ಮನೆ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು.

“ಎಂತ ಮಾಡ್ತಿದ್ದೀರಿ?” ಎಂದು ಯಜಮಾನರು ಕೇಳಿದರು.

“ಕಾಯ್ತಿದ್ದೇನೆ. ನೋವು ಕೂಡ್ಲೇ ಬರುವುದಿಲ್ಲ, ಕೂತ ಮೇಲೆ ಬರುವುದು.”

ಯಜಮಾನರು ನಕ್ಕುಬಿಟ್ಟರು. ಬಹುಶಃ ಜನ ನೋಡುತ್ತಿದ್ದುದರಿಂದ, ಬಹುಶಃ ಅವರ ಮನೆಯಲ್ಲೂ ಓಲೆ ಹಾಕಿದ ಕಿವಿಗಳಿದ್ದುದರಿಂದ. ಅಮ್ಮನಿಗೆ ಚಹಾ ತರಿಸಿದರು. ಮೊದಲನೆಯದು ಒತ್ತಿತು, ಅದನ್ನು ಮರಳಿ ಪೆಟ್ಟಿಗೆಗೆ ಹಾಕಿ, ಇನ್ನು ಮೇಲೆ ಇದೇ ನೋಡುವ ಪೀಸ್ ಆಗಲಿ ಎಂದು ಕೌಂಟರಿನ ಮೇಲಿಟ್ಟರು. ಮುಂದಿನದರ ಮೆತ್ತೆ ಬಟ್ಟೆಯದು, ಬೂದು ಬಣ್ಣ, ನೋಡಲು ಏನೂ ಚಂದವಿಲ್ಲ, ಬೆಲೆಯೂ ನಮ್ಮ ಕೈಗೆ ಎಟಕುವಂಥದ್ದೇ. ಅಮ್ಮ ಅದನ್ನು ಹಾಕಿಕೊಂಡು ಚಹಾ ಕುಡಿದು ಮುಗಿಸಿದಳು, ಲೋಟ ಕೆಳಗಿಟ್ಟಳು, ಓಲೆಯನ್ನು ಒಳಗೆ ಬೆರಳು ಹಾಕಿ ಮುಟ್ಟಿ ನೋಡಿದಳು. “ಇದು ಆಗ್ತದೆ,” ಎಂದಳು.

“ಇದರ ಮೆತ್ತೆ ಹಾಳಾದರೆ ಬೇರೆ ಸಿಗುತ್ತದೆಯೇ?” ಎಂದು ನಾನು ಕೇಳಿದೆ.

“ಇಲ್ಲ ಮೇಡಂ. ಕಂಪನಿ ಕಳಿಸುವುದಿಲ್ಲ. ನಾನು ಎಷ್ಟು ಸಲ ಕೇಳಿದ್ದೇನೆ.”

ಹೀಗೆ, ಗೆದ್ದೆವು ಎನ್ನುವ ಹೊತ್ತಿನಲ್ಲೇ ಮುಂದಿನ ಸೋಲನ್ನು ಕಂಪನಿ ಪೆಟ್ಟಿಗೆಯೊಳಗೆ ಇಟ್ಟು ಕಳಿಸಿತ್ತು.

ನೇತ್ರಾವತಿಯ ಸೇತುವೆಯ ಮೇಲೆ ಬಸ್ಸು ನಿಂತು ನಿಂತು ಸಾಗುತ್ತಿದ್ದಾಗ ನಾನು ಅಕ್ಕನಿಗೆ ಎಲ್ಲವನ್ನೂ ಬರೆದೆ, ಕಿವಿಯ ಫೋಟೊ ಸಮೇತ. ಅಮ್ಮನನ್ನು ಕೇಳಿಯೇ ಬರೆದೆ. “ಬರಿ,” ಎಂದಿದ್ದಳು ಕಿಟಕಿಯ ಹೊರಗೆ ನೋಡುತ್ತ. “ಓಲೆ ಭಾರಿ ಚಂದ ಉಂಟು ಅಂತಲೂ ಬರಿ.”

ಆ ಸಂಜೆ ಕಾಯುವ ಕೋಣೆಯಲ್ಲಿ ಅಕ್ಕನ ಬೊಂಬೆ ನಮಗಿಂತ ಮೊದಲೇ ಬಂದು ನಿಂತಿತ್ತು. ನನ್ನ ಫೋನಿನಲ್ಲೂ ಅವಳ ಮಾತು ಕೇಳಿಸಿತು.

“ಅಮ್ಮ, ಕಿವಿ ನೋಯ್ತದೆ ಅಂತ ಹೇಳ್ಲಿಕ್ಕೆ ನಿನಗೆ ಬಾಯಿ ಇಲ್ವಾ? ಇಡೀ ದಕ್ಕೆಗೆ ಕೇಳುವ ಬಾಯಿ!”

“ನಿನ್ನ ಓಲೆಗೆ ಕೆಟ್ಟ ಹೆಸರು ಬರುವುದು ಬೇಡ ಅಂತ.”

“ಓಲೆಗೆ ಎಂತ ಹೆಸರು? ತಿರುಪು ಸಪೂರ ಮಾಡಿಸ್ತೇನೆ ಬಂದಾಗ.”

“ಬಂದಾಗ ಅಲ್ವಾ? ಯಾವಾಗ...” ಎಂದು ಅಮ್ಮ ಶುರುಮಾಡಿದವಳು ಅಲ್ಲಿಗೇ ತಡೆದಳು. “ಸರಿ, ಎಡಕ್ಕೆ ಹೋಗು. ಯಾರೋ ನಡೆಯುವ ಶಬ್ದ ಉಂಟು. ಹಿಂದೆ ನಾನಿದ್ದೇನೆ.”

ನಾನು ಎಂದಿನಂತೆ ಮೊದಲೇ ಸತ್ತೆ. ಸತ್ತವರು ಉಳಿದವರ ಮಾತನ್ನು ಕೇಳುತ್ತ ಕೂರಬಹುದು ಎಂಬುದು ಆ ಆಟದಲ್ಲಿ ನಾನು ಒಪ್ಪುವ ಒಂದೇ ನಿಯಮ.

ಆದ್ದರಿಂದ ಈ ವಸ್ತುಗಳನ್ನು ತಯಾರಿಸಿ ನಮ್ಮ ಊರಿಗೆ ಕಳಿಸುವವರೇ, ಅವನ್ನು ಪಂಪ್‌ವೆಲ್‌ನಲ್ಲೂ ಕೊಡಿಯಾಲ್‌ಬೈಲ್‌ನಲ್ಲೂ ಇಟ್ಟು ಮಾರುವವರೇ, ನಿಮ್ಮಲ್ಲಿ ನಾನು ದಯೆ ಕೇಳುತ್ತಿಲ್ಲ. ನಿಮ್ಮ ವಾರಂಟಿಯ ಕಾಗದದಿಂದ ತಲೆಯ ಎಣ್ಣೆಯನ್ನು ಗಿರಾಕಿಯ ತಪ್ಪೆನ್ನುವ ಸಾಲನ್ನು ತೆಗೆಯಿರಿ. ಆ ಸಾಲಿನ ಹೆಸರಿನಲ್ಲಿ ತಿರಸ್ಕರಿಸಿದ ನನ್ನ ಅಮ್ಮನ ಕಪ್ಪು ಹೆಡ್‌ಸೆಟ್ಟನ್ನು ಸರಿಪಡಿಸಿ ಕೊಡಿ. ಬಟ್ಟೆಯ ಮೆತ್ತೆಗಳನ್ನು ಬಿಡಿಯಾಗಿ, ಜೋಡಿಯಾಗಿ, ಈ ನಗರದಲ್ಲೇ ಮಾರಿ. ಮತ್ತು ಮುಂದಿನ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗೆ ಇಳಿಯುವುದರೊಳಗೆ, ಅತಿ ಕಡಿಮೆ ಬೆಲೆಯ ಹೆಡ್‌ಸೆಟ್‌ನಿಂದಲೇ ಆರಂಭಿಸಿ ಪ್ರತಿಯೊಂದು ಬಗೆಯದರಲ್ಲೂ ಒಂದನ್ನು ಸೀಲು ಒಡೆದು ಕೌಂಟರಿನ ಮೇಲಿಡಿ, ಪಕ್ಕದಲ್ಲಿ ಒಂದು ಕುರ್ಚಿ ಹಾಕಿ, ಓಲೆ ಹಾಕಿದ ಹೆಂಗಸು ಅದನ್ನು ಏರಿಸಿಕೊಂಡು ಒಂದು ಲೋಟ ಚಹಾ ಕುಡಿದು ಮುಗಿಸುವವರೆಗೆ ಕಾಯಿರಿ.